‘ಆದುದರಿಂದ’ ಎಂಬ ಪದ

ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಅಂತಿಮ ವರ್ಷದ ವಿದ್ಯಾರ್ಥಿ ಒಂದು ವಿಷಯವನ್ನು ಆರಿಸಿಕೊಂಡು ಸೆಮಿನಾರು ನೀಡಬೇಕು. ತೆರೆಯ ಮೇಲೆ ತೋರಿಸುವುದಕ್ಕೆ ಸ್ಲೈಡುಗಳು, ವಿಭಾಗಕ್ಕೆ ಒಪ್ಪಿಸುವುದಕ್ಕೆ ವರದಿ, ಎರಡೂ ಸಿದ್ಧವಾಗಬೇಕು. ನ್ಯಾಯವಾಗಿ ವರದಿ ಮೊದಲು, ಸ್ಲೈಡು ಅನಂತರ. ಆದರೆ ಆಚರಣೆಯಲ್ಲಿ ಈ ಕ್ರಮ ತಲೆಕೆಳಗಾಗುವುದೇ ಹೆಚ್ಚು. ಹಿಂದಿನ ರಾತ್ರಿ ಇಪ್ಪತ್ತು ಸ್ಲೈಡುಗಳು ಹುಟ್ಟುತ್ತವೆ. ಆಮೇಲೆ ಅವಕ್ಕೇ ನೀರು ಬೆರೆಸಿ ಮೂವತ್ತು ಪುಟದ ವರದಿಯನ್ನು ಮಾಡುತ್ತಾರೆ.

ಇದರಲ್ಲಿ ಕನ್ನಡ ಮೇಷ್ಟರಿಗೇನು ಕೆಲಸವೆಂದು ವಾಚಕರು ಕೇಳಬಹುದು. ವರದಿ ಇಂಗ್ಲಿಷಿನಲ್ಲಿರುವುದು ನಿಜ. ಆದರೆ ವಾಕ್ಯ ಯಾವ ಭಾಷೆಯದಾದರೂ ವಾಕ್ಯವೇ. ನಮ್ಮ ವ್ಯಾಕರಣದಲ್ಲಿ ಸಂಬಂಧಾರ್ಥಕಾವ್ಯಯವೆಂಬ ಒಂದು ವರ್ಗವುಂಟು. ‘ಆದರೆ’, ‘ಆದುದರಿಂದ’ ಮುಂತಾದವು ಅಲ್ಲಿ ಬರುತ್ತವೆ. ಪದಗಳಲ್ಲಿ ಇವು ಬಡವರು. ಆದರೆ ವಿಚಾರದ ಭಾರವನ್ನು ಹೊರುವವರು ಇವರೇ. ಸ್ಲೈಡಿನ ಮೇಲೆ ಚುಕ್ಕೆಯಿಟ್ಟು ಒಂದರ ಕೆಳಗೊಂದು ಬರೆದ ತುಂಡು ಮಾತುಗಳಲ್ಲಿ ಮೊದಲು ಜಾರಿಹೋಗುವುದೂ ಇವೇ. ಮೊದಲನೆಯ ಚುಕ್ಕೆಗೂ ಎರಡನೆಯ ಚುಕ್ಕೆಗೂ ಏನು ನಂಟೆಂಬುದನ್ನು ಬರೆದವನು ಹೇಳಬೇಕಾಗಿಲ್ಲ. ಆದುದರಿಂದ ಅವನು ಅದನ್ನು ಯೋಚಿಸಬೇಕಾಗಿಯೂ ಇಲ್ಲ.

ಉಪನ್ಯಾಸದ ವರದಿಯೊಂದು ಮನುಷ್ಯನ ಬಾಳನ್ನೇ ತಿರುಗಿಸಿದ ನಿದರ್ಶನ ವಿಜ್ಞಾನದ ಚರಿತ್ರೆಯಲ್ಲಿದೆ. 1812ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಹಂಫ್ರಿ ಡೇವಿ ನೀಡಿದ ಉಪನ್ಯಾಸಗಳಲ್ಲಿ ನಾಲ್ಕನ್ನು ಮೈಕೇಲ್ ಫ್ಯಾರಡೆ ಕೇಳಿದ. ಆಗ ಅವನು ಪುಸ್ತಕಕ್ಕೆ ರಟ್ಟು ಕಟ್ಟುವ ಕಸುಬನ್ನು ಕಲಿಯುತ್ತಿದ್ದ ಬಡ ಹುಡುಗ. ಕೇಳುವಾಗ ಗುರುತು ಹಾಕಿಕೊಂಡದ್ದನ್ನು ಮನೆಯಲ್ಲಿ ವಿಸ್ತರಿಸಿ, ಉಪಕರಣಗಳ ಚಿತ್ರ ಬರೆದು, ಮುನ್ನೂರಕ್ಕೂ ಮಿಕ್ಕ ಪುಟಗಳನ್ನು ತಾನೇ ಹೊಲಿದು ಕಟ್ಟಿ, ಡೇವಿಗೆ ಕಳುಹಿಸಿದ. 1813ರಲ್ಲಿ ಅದೇ ಸಂಸ್ಥೆಯ ಪ್ರಯೋಗಾಲಯದಲ್ಲಿ ಅವನಿಗೆ ಸಹಾಯಕನ ಕೆಲಸ ದೊರೆಯಿತು. 1831ರಲ್ಲಿ ವಿದ್ಯುತ್ಕಾಂತೀಯ ಪ್ರೇರಣೆಯನ್ನು ಕಂಡುಹಿಡಿದವನು ಇವನೇ. ಗುರುವಿನ ಮಾತನ್ನು ತನ್ನ ವಾಕ್ಯದಲ್ಲಿ ಮತ್ತೆ ಕಟ್ಟಿದವನಿಗೆ ಆ ವಿದ್ಯೆ ಸ್ವಂತವಾಗಿತ್ತು.

ಇದಕ್ಕೆ ವಿರುದ್ಧವಾದ ನಿದರ್ಶನ ದಾರುಣವಾದುದು. 2003ರ ಜನವರಿ 16ರಂದು ಕೊಲಂಬಿಯಾ ನೌಕೆ ಮೇಲೇರುತ್ತಿದ್ದಾಗ ಇಂಧನದ ತೊಟ್ಟಿಯಿಂದ ಕಳಚಿದ ನೊರೆಯ ತುಂಡೊಂದು ಅದರ ಎಡರೆಕ್ಕೆಗೆ ಬಡಿಯಿತು. ಅಪಾಯವೆಷ್ಟೆಂದು ಲೆಕ್ಕಹಾಕಿದ ಎಂಜಿನಿಯರುಗಳು ತಮ್ಮ ನಿರ್ಣಯವನ್ನು ಸ್ಲೈಡುಗಳಲ್ಲಿ ಮೇಲಧಿಕಾರಿಗಳ ಮುಂದಿಟ್ಟರು. ಒಂದು ಸ್ಲೈಡಿನ ಶೀರ್ಷಿಕೆ ಧೈರ್ಯ ಹೇಳುವಂತಿತ್ತು. ಹಿಂದಿನ ಪರೀಕ್ಷೆಯಲ್ಲಿ ಬಳಸಿದ ತುಂಡು 3 ಘನ ಅಂಗುಲದ್ದು, ಈಗಿನ ಲೆಕ್ಕಕ್ಕೆ ಹಿಡಿದದ್ದು 1920 ಘನ ಅಂಗುಲ ಎಂಬ ಮಾತು ಎಲ್ಲಕ್ಕಿಂತ ಕೆಳಗೆ, ಸಣ್ಣ ಅಕ್ಷರದಲ್ಲಿ ಕುಳಿತಿತ್ತು. 640 ಪಟ್ಟು ವ್ಯತ್ಯಾಸ! ‘ಆದುದರಿಂದ ಹಳೆಯ ಪರೀಕ್ಷೆಯನ್ನು ನಂಬಿ ಸುಮ್ಮನಿರಲಾಗದು’ ಎಂಬ ವಾಕ್ಯ ಮಾತ್ರ ಅಲ್ಲಿರಲಿಲ್ಲ. ಫೆಬ್ರವರಿ 1ರಂದು ನೌಕೆ ಮರಳುವಾಗ ಛಿದ್ರವಾಯಿತು. ನಮ್ಮ ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ಮಡಿದರು. ದುರಂತಕ್ಕೆ ಕಾರಣಗಳು ಹಲವು, ಸ್ಲೈಡೊಂದೇ ಅಲ್ಲ. ಆದರೂ ತಾಂತ್ರಿಕ ವರದಿಯ ಜಾಗದಲ್ಲಿ ಸ್ಲೈಡುಗಳನ್ನು ಕೂರಿಸುವ ರೂಢಿಯನ್ನು ತನಿಖಾ ಮಂಡಳಿ ಅದೇ ವರ್ಷ ಸ್ಪಷ್ಟವಾಗಿ ಆಕ್ಷೇಪಿಸಿತು.

ಸ್ಲೈಡು ಬೇಡವೆಂದು ನನ್ನ ವಾದವಲ್ಲ. ನಕ್ಷೆ, ಚಿತ್ರ, ಅಂಕಿಯ ಏರಿಳಿತಗಳನ್ನು ನೂರು ಕಣ್ಣುಗಳಿಗೆ ಒಮ್ಮೆಗೇ ತೋರಿಸಲು ಅದಕ್ಕಿಂತ ಮೇಲಾದ ಸಾಧನವಿಲ್ಲ. ಆದರೆ ವರದಿಯನ್ನು ಮೊದಲು ಬರೆಯಬೇಕು. ಅದರಿಂದ ಸ್ಲೈಡನ್ನು ಆಯಬೇಕು. ಸ್ಲೈಡಿನ ತಲೆಯ ಮೇಲೆ ‘ಫಲಿತಾಂಶ’ ಎಂಬ ಒಂಟಿ ಪದಕ್ಕೆ ಬದಲು, ಫಲಿತಾಂಶವೇನೆಂದು ಹೇಳುವ ಒಂದು ಪೂರ್ಣ ವಾಕ್ಯವಿರಲಿ. ಅಳತೆಯ ಪಕ್ಕದಲ್ಲಿ ಅದರ ಮಾನವಿರಲಿ, ಅನುಮಾನವಿದ್ದಲ್ಲಿ ಅನುಮಾನವೆಂದೇ ಬರೆದಿರಲಿ.

ಇಂದು ಸೆಮಿನಾರಿನ ವರದಿಯನ್ನು ಒಪ್ಪಿಸುವ ಹುಡುಗ ನಾಳೆ ಸೇತುವೆಯ ವರದಿಗೆ, ಅಣೆಕಟ್ಟಿನ ವರದಿಗೆ ಸಹಿ ಹಾಕುತ್ತಾನೆ. ಆ ಸೇತುವೆಯ ಮೇಲೆ ನಾವು ನಡೆಯಬೇಕಾಗಿದೆ. ‘ಆದುದರಿಂದ’ ಎಂದು ಬರೆದು ಮುಂದೇನೆಂದು ಲೇಖನಿ ಹಿಡಿದು ಕೂತ ಆ ಒಂದು ಗಳಿಗೆಯೇ ಅವನ ನಿಜವಾದ ಪರೀಕ್ಷೆ.