ಚಿಪ್ಪಿನ ಇದ್ದಿಲು, ಫೋರ್ಡ್ ವಿ-8 ಮತ್ತು ಒಂದು ಲೆಕ್ಕ

ತುರುವೇಕೆರೆ ತಾಲ್ಲೂಕು ದಂಡಿನಶಿವರದ ಕಡೆಯ ಓದುಗರೊಬ್ಬರು ಕೇಳಿದ್ದಾರೆ: "ಯುದ್ಧದ ಕಾಲದಲ್ಲಿ ಫೋರ್ಡ್ ಬಸ್ಸು ಇದ್ದಿಲಲ್ಲೇ ಓಡ್ತಿತ್ತು ಅಂತ ನಮ್ಮ ತಾತ ಹೇಳೋರು. ಈಗ ಮೊಬೈಲಿನಲ್ಲಿ ತೆಂಗಿನ ಚಿಪ್ಪು ಹಾಕಿ ಕಾರು ಓಡಿಸೋ ವಿಡಿಯೊ ಬರ್ತಿವೆ. ನಮ್ಮನೆ ಹಿತ್ತಲಲ್ಲಿ ಚಿಪ್ಪಿನ ರಾಶಿ ಬಿದ್ದಿದೆ, ಶೆಡ್ಡಿನಲ್ಲಿ ಫೋರ್ಡ್ ಫಿಗೊ ನಿಂತಿದೆ. ಯಾಕಾಗಬಾರದು?"

ತಾತ ಹೇಳಿದ್ದು ಪೂರಾ ನಿಜ. ವಿಡಿಯೊದಲ್ಲಿ ಕಾಣುವುದು ಅರ್ಧ ನಿಜ. ಉಳಿದರ್ಧ ಎಲ್ಲಿ ಹೋಯಿತು ಎಂದು ಹುಡುಕಿದರೆ ಬಹಳ ಸೊಗಸಾದ ರಸಾಯನಶಾಸ್ತ್ರ ಸಿಗುತ್ತದೆ.

ಮೊದಲು ಆ ಬಸ್ಸಿನ ವಿಚಾರ. ಹೆನ್ರಿ ಫೋರ್ಡ್ 1903ರಲ್ಲಿ ಕಂಪನಿ ಕಟ್ಟಿದ, 1908ರಲ್ಲಿ ಮಾಡೆಲ್ ಟಿ ತಂದ. 1927ರ ಹೊತ್ತಿಗೆ ಅಂಥವು ಒಂದೂವರೆ ಕೋಟಿ ತಯಾರಾಗಿದ್ದವು. ಬ್ರಿಟಿಷ್ ಸಾಮ್ರಾಜ್ಯದ ದೇಶಗಳಲ್ಲಿ ಫೋರ್ಡ್ ಮಾರುವ ಹಕ್ಕು ಇದ್ದದ್ದು ಕೆನಡಾದ ಫೋರ್ಡ್ ಕಂಪನಿಗೆ. ಹಾಗಾಗಿ ನಮ್ಮಲ್ಲಿಗೆ ಬಂದ ಬಲಗೈ ಸ್ಟೀರಿಂಗಿನ ಫೋರ್ಡ್‌ಗಳ ತವರು ಕೆನಡಾ. 1926ರಲ್ಲಿ ಆ ಕಂಪನಿಯೇ ಮುಂಬಯಿಯಲ್ಲಿ ಫೋರ್ಡ್ ಇಂಡಿಯಾ ತೆರೆಯಿತು. ಬಿಡಿಭಾಗಗಳು ಹಡಗಿನಲ್ಲಿ ಬಂದು ಇಲ್ಲಿ ಜೋಡಣೆಯಾಗುತ್ತಿದ್ದವು. ಬಸ್ಸು, ಲಾರಿ ಬೇಕಾದವರು ಎಂಜಿನ್ನು, ಚಾಸಿ ಮಾತ್ರ ಕೊಂಡು ಮೇಲಿನ ಮರದ ಬಾಡಿಯನ್ನು ಇಲ್ಲಿನ ಬಡಗಿಗಳಿಂದ ಕಟ್ಟಿಸುತ್ತಿದ್ದರು. ಮೈಸೂರು ಸಂಸ್ಥಾನದಲ್ಲಿ ಸರ್ಕಾರಿ ಬಸ್ಸು ಶುರುವಾದದ್ದು 1948ರಲ್ಲಿ. ಅದಕ್ಕೆ ಮುಂಚೆ ಎಲ್ಲವೂ ಖಾಸಗಿ ಮಾಲೀಕರ ಬಸ್ಸುಗಳೇ. ಫೋರ್ಡ್, ಷೆವರ್ಲೆ, ಫಾರ್ಗೊ ಚಾಸಿಗಳ ಮೇಲೆ ಕಟ್ಟಿದವೇ ಹೆಚ್ಚು.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ. ಬಿಡಿಭಾಗ ತರಿಸಿ ಜೋಡಿಸುವುದಲ್ಲ, ಇಲ್ಲೇ ಕಾರು ತಯಾರಿಸಬೇಕು ಎಂದು ಸರ್ ಎಂ. ವಿಶ್ವೇಶ್ವರಯ್ಯ 1935ರಲ್ಲಿ ಯುರೋಪು, ಅಮೆರಿಕ ಸುತ್ತಿ ಬಂದು ಯೋಜನೆ ಬರೆದರು. ಅದನ್ನು ಕೈಗೆತ್ತಿಕೊಂಡ ಉದ್ಯಮಿ ವಾಲ್‌ಚಂದ್ ಹೀರಾಚಂದ್ 1939ರಲ್ಲಿ ಫೋರ್ಡ್ ಬಾಗಿಲು ತಟ್ಟಿದರು. ಕೆನಡಾ ಫೋರ್ಡ್ ಒಪ್ಪಲಿಲ್ಲ. ಕ್ರೈಸ್ಲರ್ ಒಪ್ಪಿತು. ಕಾರ್ಖಾನೆ ಬೆಂಗಳೂರಿನಲ್ಲಿ ಆಗಲಿ ಎಂದು ಮೈಸೂರು ಸರ್ಕಾರ ನೆರವಿಗೆ ನಿಂತಿತು, ಬ್ರಿಟಿಷ್ ಸರ್ಕಾರ ಅಡ್ಡಗಾಲು ಹಾಕಿತು. ಅದೇ ಓಡಾಟದಲ್ಲಿ ವಾಲ್‌ಚಂದರಿಗೆ ಪರಿಚಯವಾದ ಅಮೆರಿಕದ ವಿಲಿಯಂ ಪಾಲಿಯಿಂದಾಗಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿಗೆ ವಿಮಾನ ಕಾರ್ಖಾನೆ ಬಂತು. ಇವತ್ತಿನ ಎಚ್ಎಎಲ್ ಅದೇ. ಕಾರಿನ ಕಾರ್ಖಾನೆ ಮಾತ್ರ ಮುಂಬಯಿ ಪಾಲಾಯಿತು. ನಮ್ಮ ರಾಜ್ಯದ ಕೈಗಾರಿಕಾ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ನಷ್ಟ ನನಗೆ ನೆನಪಾಗುವುದಿಲ್ಲ.

ಆ ಕಾಲದ ಬಸ್ ಮಾಲೀಕರು ಹೊಗಳಿದ್ದೂ ಬೈದದ್ದೂ 1932ರಲ್ಲಿ ಬಂದ ಫೋರ್ಡ್ ವಿ-8 ಎಂಜಿನ್ನನ್ನು. ಎಂಟು ಸಿಲಿಂಡರನ್ನು ಒಂದೇ ಎರಕದಲ್ಲಿ ಹೊಯ್ದು, ಸಾಮಾನ್ಯರ ಕೈಗೆಟಕುವ ಬೆಲೆಗೆ ಕೊಟ್ಟ ಮೊದಲ ಎಂಜಿನ್ನು ಅದು. ಮೊದಲು 65 ಅಶ್ವಶಕ್ತಿ, ಕೆಲವೇ ವರ್ಷಕ್ಕೆ 85. ಎಳೆಯುವ ತಾಕತ್ತಿಗೆ ಎದುರಿಲ್ಲ. ಆದರೆ ಬೇಸಿಗೆಯಲ್ಲಿ ಕಾಟ. ಸುಟ್ಟ ಹೊಗೆ ಹೊರಗೆ ಹೋಗುವ ದಾರಿ ಎಂಜಿನ್ನಿನ ಹೊಟ್ಟೆಯೊಳಗೇ, ತಂಪು ಮಾಡುವ ನೀರಿನ ಮಧ್ಯೆಯೇ ಹಾದು ಹೋಗುತ್ತಿತ್ತು. ನೀರು ಬೇಗ ಕುದಿಯುತ್ತಿತ್ತು. ಪೆಟ್ರೋಲ್ ಪಂಪು ಎಂಜಿನ್ನಿನ ನೆತ್ತಿಯ ಮೇಲೇ ಇದ್ದುದರಿಂದ ಒಳಗಿನ ಪೆಟ್ರೋಲು ಆವಿಯಾಗಿ ಗುಳ್ಳೆ ಕಟ್ಟುತ್ತಿತ್ತು. ಪಂಪು ದ್ರವವನ್ನು ತಳ್ಳಬಲ್ಲದು, ಗುಳ್ಳೆಯನ್ನು ತಳ್ಳಲಾರದು. ಗಾಡಿ ನಡುದಾರಿಯಲ್ಲಿ ನಿಲ್ಲುತ್ತಿತ್ತು. ಡ್ರೈವರು ಬಟ್ಟೆ ತೋಯಿಸಿ ಪಂಪಿಗೆ ಸುತ್ತುತ್ತಿದ್ದ. ಬಟ್ಟೆಯ ನೀರು ಆರುವಾಗ ಪಂಪಿನ ಬಿಸಿಯನ್ನು ಎಳೆದುಕೊಳ್ಳುತ್ತದೆ, ಒಳಗಿನ ಆವಿ ಮತ್ತೆ ಪೆಟ್ರೋಲಾಗುತ್ತದೆ, ಗಾಡಿ ಹೊರಡುತ್ತದೆ.

1942ರ ಮಾರ್ಚಿನಲ್ಲಿ ರಂಗೂನು ಜಪಾನೀಯರ ವಶವಾಯಿತು. ಬರ್ಮಾದ ಎಣ್ಣೆ ಬಾವಿಗಳು ಕೈತಪ್ಪಿದವು. ಮೊದಲೇ ರೇಷನ್ನಿನಲ್ಲಿದ್ದ ಪೆಟ್ರೋಲು ಬಸ್ಸಿನವರಿಗೆ ಸಿಗುವುದು ಇನ್ನೂ ದುಸ್ತರವಾಯಿತು. ಆಗ ಬಸ್ಸುಗಳ ಹಿಂಭಾಗದಲ್ಲಿ ಆಳೆತ್ತರದ ಕಬ್ಬಿಣದ ಡ್ರಮ್ಮುಗಳು ಬಂದು ಕೂತವು.

ಡ್ರಮ್ಮಿನ ಒಳಗೆ ಏನಾಗುತ್ತಿತ್ತು ಎಂಬುದೇ ಈ ಲೇಖನದ ಜೀವ. ಇದ್ದಿಲು ತುಂಬಿ, ಕೆಳಗೆ ಬೆಂಕಿ ಹಚ್ಚಿ, ಗಾಳಿಯನ್ನು ಅಳತೆಯಾಗಿ ಬಿಡುತ್ತಾರೆ. ಗಾಳಿ ಒಳಬರುವ ಜಾಗದಲ್ಲಿ ಇದ್ದಿಲು ಚೆನ್ನಾಗಿಯೇ ಉರಿದು ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಅದು ಕೆಲಸಕ್ಕೆ ಬಾರದ ಅನಿಲ, ಮತ್ತೆ ಉರಿಯುವುದಿಲ್ಲ. ಆದರೆ ಹೊರಗೆ ಹೋಗಬೇಕಾದರೆ ಅದು ಕೆಂಪಗೆ ಕಾದ ಇನ್ನಷ್ಟು ಇದ್ದಿಲ ನಡುವೆ ನುಸುಳಬೇಕು. ಅಲ್ಲಿ ಆಮ್ಲಜನಕ ಉಳಿದಿಲ್ಲ. ಕಾದ ಇದ್ದಿಲು ಡೈಆಕ್ಸೈಡಿನಿಂದಲೇ ಒಂದು ಆಮ್ಲಜನಕದ ಕಣವನ್ನು ಕಿತ್ತುಕೊಳ್ಳುತ್ತದೆ, ಇಬ್ಬರೂ ಕಾರ್ಬನ್ ಮೊನಾಕ್ಸೈಡ್ ಆಗುತ್ತಾರೆ. ಈ ಅನಿಲ ಉರಿಯುತ್ತದೆ. ಗಾಳಿಯ ಜೊತೆ ಒಂದಿಷ್ಟು ನೀರಾವಿ ಸೇರಿದರೆ ಕಾದ ಇದ್ದಿಲು ಅದನ್ನೂ ಒಡೆದು ಮೊನಾಕ್ಸೈಡು, ಜಲಜನಕ ಎರಡನ್ನೂ ಕೊಡುತ್ತದೆ. ಜರ್ಮನಿಯ ಬಿಷೋಫ್ 1839ರಲ್ಲೇ ಇಂಥ ಒಲೆ ಕಟ್ಟಿದ್ದ; ಅದನ್ನು ಗಾಡಿಗೆ ಹೊಂದಿಸಿ 1920ರ ದಶಕದಲ್ಲಿ ಹೆಸರಾದವನು ಫ್ರಾನ್ಸಿನ ಜಾರ್ಜ್ ಇಂಬರ್ಟ್.

ಬಸ್ ಹೊರಡುವ ಮೊದಲು ಕ್ಲೀನರ್ ಹುಡುಗ ಡ್ರಮ್ಮಿನ ಪಕ್ಕದ ಬೀಸಣಿಗೆಯ ಹಿಡಿ ತಿರುಗಿಸುತ್ತ ನಿಲ್ಲುತ್ತಿದ್ದ. ಕಾಲು ಗಂಟೆ ತಿರುಗಿಸಿ ಸಣ್ಣ ನಲ್ಲಿ ತೆರೆದು ಬೆಂಕಿಕಡ್ಡಿ ಗೀರಿ ಹಿಡಿಯುತ್ತಿದ್ದ. ನೀಲಿ ಜ್ವಾಲೆ ಅಲುಗದೆ ನಿಂತರೆ ಗ್ಯಾಸು ತಯಾರು. ಪಟ್‌ಪಟ್ ಎಂದು ಆರಿದರೆ ಇನ್ನಷ್ಟು ತಿರುಗಿಸಬೇಕು. ಡ್ರೈವರು ಒಂದೆರಡು ಹನಿ ಪೆಟ್ರೋಲಿನಲ್ಲಿ ಎಂಜಿನ್ ಎಬ್ಬಿಸಿ ಗ್ಯಾಸಿಗೆ ಬದಲಾಯಿಸುತ್ತಿದ್ದ. ವಿ-8 ಗಾಡಿಯ ಪಂಪಿಗೆ ಒದ್ದೆ ಬಟ್ಟೆ ಸುತ್ತುವ ಕೆಲಸ ಅಷ್ಟರಮಟ್ಟಿಗೆ ತಪ್ಪಿತು, ಯಾಕೆಂದರೆ ಗ್ಯಾಸು ಬರಲು ಪಂಪು ಬೇಕಿಲ್ಲ, ಎಂಜಿನ್ನೇ ಎಳೆದುಕೊಳ್ಳುತ್ತದೆ. ಆದರೆ ಏರು ಸಿಕ್ಕಿದರೆ ಪ್ರಯಾಣಿಕರು ಇಳಿದು ತಳ್ಳಬೇಕಾಗಿತ್ತು.

ತಳ್ಳುವ ಪಾಡು ಯಾಕೆ ಬಂತು? ನಮ್ಮ ಸೀಮೆಯ ಊಟದಿಂದಲೇ ಹೇಳುತ್ತೇನೆ. ಹೊಟ್ಟೆಯ ಅಳತೆ ಒಂದೇ. ಅದಕ್ಕೆ ರಾಗಿಮುದ್ದೆ ತುಂಬಿದರೆ ಸಂಜೆವರೆಗೂ ಗುದ್ದಲಿ ಹಿಡಿಯಬಹುದು, ಅಂಬಲಿ ತುಂಬಿದರೆ ಮಧ್ಯಾಹ್ನಕ್ಕೆ ಕೈಸೋಲುತ್ತದೆ. ಅಂಬಲಿಯೂ ರಾಗಿಯೇ, ಕೆಟ್ಟದ್ದೇನಲ್ಲ. ಆದರೆ ಜಾಗವನ್ನು ನೀರು ಹಿಡಿದಿದೆ. ಎಂಜಿನ್ನಿನ ಹೊಟ್ಟೆ ಎಂದರೆ ಸಿಲಿಂಡರು. ಇದ್ದಿಲ ಗ್ಯಾಸಿನ ಅರ್ಧಕ್ಕಿಂತ ಹೆಚ್ಚು ಭಾಗ ಗಾಳಿಯ ಜೊತೆ ಬಂದ ಸಾರಜನಕ. ಅದು ಉರಿಯುವುದಿಲ್ಲ, ಸುಮ್ಮನೆ ಜಾಗ ಹಿಡಿದು ಕೂರುತ್ತದೆ. ಪೆಟ್ರೋಲಿನ ಆವಿ, ಗಾಳಿ ಬೆರೆತ ಒಂದು ಘನ ಮೀಟರಿನಲ್ಲಿ ಸುಮಾರು 3.8 ಮೆಗಾಜೂಲ್ ಶಕ್ತಿ ಇದ್ದರೆ, ಇದ್ದಿಲ ಗ್ಯಾಸು, ಗಾಳಿ ಬೆರೆತದ್ದರಲ್ಲಿ 2.5ರ ಆಸುಪಾಸು. ಮೂರನೆಯ ಒಂದು ಪಾಲು ಅಲ್ಲೇ ಹೋಯಿತು. ಇನ್ನು ಅಂಬಲಿ ಕುಡಿಯುವವನಿಗೆ ಬಿಸಿಬಿಸಿಯಾಗಿ ಕೊಟ್ಟರೆ ಇನ್ನೂ ಕಡಿಮೆ ಇಳಿಯುತ್ತದೆ. ಹಾಗೆಯೇ ಬಿಸಿ ಗ್ಯಾಸು ಹಿಗ್ಗಿರುವುದರಿಂದ ಸಿಲಿಂಡರಿಗೆ ಹಿಡಿಸುವುದು ಇನ್ನೂ ಕಡಿಮೆ. ಉರಿಯೂ ನಿಧಾನ. ಎಲ್ಲ ಸೇರಿ 85 ಅಶ್ವಶಕ್ತಿಯ ಎಂಜಿನ್ನು ಅರ್ಧ ಬಲಕ್ಕೆ ಇಳಿಯುತ್ತಿತ್ತು.

ಈ ಕೊರತೆಗೆ ಒಂದು ಮದ್ದಿದೆ: ಸಿಲಿಂಡರಿಗೆ ಬಂದದ್ದನ್ನು ಇನ್ನಷ್ಟು ಬಿಗಿಯಾಗಿ ಅದುಮಿ ಉರಿಸುವುದು. ಪೆಟ್ರೋಲನ್ನು ಹಾಗೆ ಅದುಮಿದರೆ ಕಿಡಿಯ ಉರಿ ತಲುಪುವ ಮುಂಚೆಯೇ ತಾನಾಗಿ ಸಿಡಿದು ಎಂಜಿನ್ನು ಬಡಿದುಕೊಳ್ಳುತ್ತದೆ. ಅಂದಿನ ಪೆಟ್ರೋಲಿಗೆಂದೇ ಫೋರ್ಡ್ ವಿ-8 ತನ್ನ ಮಿಶ್ರಣವನ್ನು ಸುಮಾರು ಆರನೆಯ ಒಂದು ಭಾಗಕ್ಕೆ ಮಾತ್ರ ಅದುಮುತ್ತಿತ್ತು. ಗ್ಯಾಸು ಎಷ್ಟು ತಡೆದುಕೊಳ್ಳಬಲ್ಲದು ಎಂದು ತೋರಿಸಿಕೊಟ್ಟವರು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು. ಎಚ್.ಎಸ್. ಮುಕುಂದ, ಪಿ.ಜೆ. ಪಾಲ್, ಜಿ. ಶ್ರೀಧರ್ 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಈ ಗ್ಯಾಸನ್ನು ಹದಿನೇಳನೆಯ ಒಂದು ಭಾಗಕ್ಕೆ ಅದುಮಿ, ಕಿಡಿ ಹಚ್ಚಿ, ಬಡಿತವಿಲ್ಲದೆ ಎಂಜಿನ್ನನ್ನು ಓಡಿಸಿದರು. ಹೀಗೆ ಮಾಡಬಾರದು, ಆಗುವುದಿಲ್ಲ ಎಂದು ಅಲ್ಲಿಯವರೆಗೆ ಹೆಚ್ಚಿನವರು ನಂಬಿದ್ದರು. ನನಗೆ ಬಹಳ ಮೆಚ್ಚಿನ ಪ್ರಯೋಗ ಇದು.

ಈಗ ಚಿಪ್ಪಿನ ಲೆಕ್ಕ. ಚಿಪ್ಪನ್ನು ಹಾಗೇ ಡ್ರಮ್ಮಿಗೆ ಸುರಿದರೆ ಟಾರು ಏಳುತ್ತದೆ, ಅಂಟಿನಂತೆ ವಾಲ್ವುಗಳಿಗೆ ಕಚ್ಚುತ್ತದೆ. ವಿಡಿಯೊಗಳು ಎರಡನೆಯ ವಾರದ ಎಂಜಿನ್ನನ್ನು ಬಿಚ್ಚಿ ತೋರಿಸುವುದಿಲ್ಲ. ಆದ್ದರಿಂದ ಮೊದಲು ಇದ್ದಿಲು ಮಾಡಬೇಕು. ಚಿಪ್ಪಿನ ಇದ್ದಿಲು ಗಟ್ಟಿ, ಬೂದಿ ಕಡಿಮೆ, ಇಂಥ ಒಲೆಗೆ ಹೇಳಿ ಮಾಡಿಸಿದ್ದು. ಆದರೆ ಗುಂಡಿಯಲ್ಲೋ ಡ್ರಮ್ಮಿನಲ್ಲೋ ಸುಟ್ಟರೆ ಐದು ಕೆಜಿ ಚಿಪ್ಪಿಗೆ ಸಿಗುವುದು ಒಂದೂವರೆ ಕೆಜಿ ಇದ್ದಿಲು. ಒಂದು ಲೀಟರ್ ಪೆಟ್ರೋಲಿನ ಕೆಲಸಕ್ಕೆ ಹೆಚ್ಚುಕಡಿಮೆ ಅಷ್ಟು ಇದ್ದಿಲೇ ಬೇಕು. ಒಂದು ಕಾಯಿಯ ಚಿಪ್ಪು 150 ಗ್ರಾಂ ತೂಗಿದರೆ ಲೀಟರಿಗೆ ಮೂವತ್ತಮೂರು ಕಾಯಿಯ ಚಿಪ್ಪು. ತಿಪಟೂರಿನಿಂದ ಬೆಂಗಳೂರಿಗೆ 140 ಕಿ.ಮೀ.; ಲೀಟರಿಗೆ 15 ಕಿ.ಮೀ. ಕೊಡುವ ಕಾರಿಗೆ ಒಂದು ದಿಕ್ಕಿನ ಪ್ರಯಾಣಕ್ಕೇ ಮುನ್ನೂರು ಕಾಯಿಯ ಚಿಪ್ಪು ಬೇಕು. ಅಂದರೆ ಮೂರು, ನಾಲ್ಕು ಮರದ ವರ್ಷದ ಫಸಲು. ಚಿಪ್ಪಿನಲ್ಲಿದ್ದ ಶಕ್ತಿ ನೂರು ಎಂದಿಟ್ಟುಕೊಂಡರೆ ಇದ್ದಿಲಿಗೆ ಬರುವುದು ನಲವತ್ತೈದು, ಗ್ಯಾಸಿಗೆ ಮೂವತ್ತನಾಲ್ಕು, ಚಕ್ರಕ್ಕೆ ಏಳು ಸಿಕ್ಕರೆ ಹೆಚ್ಚು.

ಇನ್ನು ಶೆಡ್ಡಿನಲ್ಲಿರುವ ಫಿಗೊ. ಹಳೆಯ ಫೋರ್ಡಿಗೆ ಕಾರ್ಬುರೇಟರ್ ಇತ್ತು. ಪೈಪಿನಲ್ಲಿ ಏನು ಬಂದರೂ ಗಾಳಿಯ ಜೊತೆ ಬೆರೆಸಿ ನುಂಗುತ್ತಿತ್ತು. 2010ರಲ್ಲಿ ಬಂದ ಫಿಗೊ ಹಾಗಲ್ಲ. ಎಷ್ಟು ಹನಿ, ಯಾವ ಗಳಿಗೆಯಲ್ಲಿ ಎಂದು ಕಂಪ್ಯೂಟರು ಲೆಕ್ಕ ಹಾಕಿ ಚಿಮ್ಮಿಸುತ್ತದೆ. ಆ ಲೆಕ್ಕಕ್ಕೆ ಇದ್ದಿಲ ಗ್ಯಾಸು ಅಪರಿಚಿತ. 2021ರ ಸೆಪ್ಟೆಂಬರಿನಲ್ಲಿ ಇಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಫೋರ್ಡ್ ಹೇಳಿದ ಮೇಲೂ ಅದನ್ನು ಅಕ್ಕರೆಯಿಂದ ಇಟ್ಟುಕೊಂಡಿರುವವರು ಬಿಡಿಭಾಗಗಳನ್ನು ಕಾಪಾಡಿಕೊಳ್ಳುವುದು ಜಾಣತನ. ಅನುಮತಿಯಿಲ್ಲದೆ ಗಾಡಿಯನ್ನು ಹೀಗೆ ಮಾರ್ಪಡಿಸುವುದು ಮೋಟಾರು ವಾಹನ ಕಾಯ್ದೆಗೂ ವಿರುದ್ಧ. ಎಲ್ಲಕ್ಕಿಂತ ಮುಖ್ಯ, ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರಕ್ತದ ಹಿಮೋಗ್ಲೋಬಿನ್ನನ್ನು ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಬಿಗಿಯಾಗಿ ಹಿಡಿಯುತ್ತದೆ. ಮುಚ್ಚಿದ ಶೆಡ್ಡಿನಲ್ಲಿ ಈ ಪ್ರಯೋಗ ಖಂಡಿತ ಬೇಡ.

ಹಾಗಾದರೆ ಈ ವಿದ್ಯೆ ಯುದ್ಧದ ಜೊತೆಗೇ ಮುಗಿಯಿತೇ? ಇಲ್ಲ. ನಿಂತಲ್ಲೇ ಓಡುವ ಎಂಜಿನ್ನಿಗೆ ಏರಿಲ್ಲ, ಭಾರದ ಚಿಂತೆಯಿಲ್ಲ, ಗ್ಯಾಸನ್ನು ತಣಿಸಿ ಸೋಸಲು ಬೇಕಾದಷ್ಟು ಜಾಗವಿದೆ. ಅದೇ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆಂದೇ ತಂತ್ರಜ್ಞಾನ ರೂಪಿಸುತ್ತಿದ್ದ 'ಅಸ್ತ್ರ' ಕೇಂದ್ರದವರು 1988ರಲ್ಲಿ ನಮ್ಮ ಜಿಲ್ಲೆಯದೇ ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಯಲ್ಲಿ ಸೌದೆಯಿಂದ ಗ್ಯಾಸು ಮಾಡಿ, ಡೀಸೆಲ್ ಜೊತೆ ಬೆರೆಸಿ ಎಂಜಿನ್ನು ನಡೆಸಿದರು. ಕರೆಂಟೇ ಇಲ್ಲದ ಊರಿಗೆ ದೀಪ, ಕುಡಿಯುವ ನೀರು, ಹಿಟ್ಟಿನ ಗಿರಣಿ ಬಂದವು. ಕಾರಿನ ವಿಡಿಯೊಗಿಂತ ಸಾವಿರ ಪಾಲು ಹೆಚ್ಚು ಜನ ನೋಡಬೇಕಾದ ಕೆಲಸ ಅದು.

ಹಿತ್ತಲಿನ ಚಿಪ್ಪಿಗೆ ಇವತ್ತು ಗಿರಾಕಿ ಬೇರೆಯೇ ಇದ್ದಾನೆ: ಸಕ್ರಿಯ ಇಂಗಾಲದ ಕಾರ್ಖಾನೆ. ಅಲ್ಲಿ ಚಿಪ್ಪಿನ ಇದ್ದಿಲನ್ನು 900 ಡಿಗ್ರಿ ಸೆಲ್ಸಿಯಸ್ ಹತ್ತಿರ ಕಾಯಿಸಿ ನೀರಾವಿ ಹಾಯಿಸುತ್ತಾರೆ. ನೀರಾವಿ ಇಂಗಾಲವನ್ನು ತಿಂದು ಮೊನಾಕ್ಸೈಡು, ಜಲಜನಕ ಆಗಿ ಹೊರಡುತ್ತದೆ. ಬಸ್ಸಿನ ಡ್ರಮ್ಮಿನಲ್ಲಿ ನಡೆಯುತ್ತಿದ್ದುದೂ ಇದೇ ಕ್ರಿಯೆ. ಬಸ್ಸಿಗೆ ಬೇಕಾದದ್ದು ಗ್ಯಾಸು, ಆದ್ದರಿಂದ ಇದ್ದಿಲು ಪೂರ್ತಿ ಕರಗುವವರೆಗೆ ಉರಿಸುತ್ತಿದ್ದರು. ಕಾರ್ಖಾನೆಗೆ ಬೇಕಾದದ್ದು ತೂತು, ಆದ್ದರಿಂದ ನಡುವೆ ನಿಲ್ಲಿಸುತ್ತಾರೆ. ಉಳಿದ ಇದ್ದಿಲಿನಲ್ಲಿ ಕಣ್ಣಿಗೆ ಕಾಣದ ಕೋಟ್ಯಂತರ ಬಿಲಗಳು. ಒಂದು ಗ್ರಾಮಿನ ಒಳಮೈ ಸಾವಿರ ಚದರ ಮೀಟರಿನಷ್ಟು. ನೀರಿನ ಕೊಳೆ, ಚಿನ್ನದ ಗಣಿಯ ದ್ರಾವಣದಲ್ಲಿರುವ ಚಿನ್ನ, ಎಲ್ಲವೂ ಅಲ್ಲಿ ಸಿಕ್ಕಿಕೊಳ್ಳುತ್ತವೆ.

ಪ್ರಶ್ನೆ ಕೇಳಿದವರ ಫಿಗೊ ಪೆಟ್ರೋಲಿನದಾದರೆ ಅದರಲ್ಲೂ ಸಕ್ರಿಯ ಇಂಗಾಲದ ಒಂದು ಡಬ್ಬಿ ಇದೆ. ಗಾಡಿ ಬಿಸಿಲಿನಲ್ಲಿ ನಿಂತಾಗ ಟ್ಯಾಂಕಿನಿಂದ ಏಳುವ ಪೆಟ್ರೋಲ್ ಆವಿಯನ್ನು ಅದು ಹಿಡಿದಿಟ್ಟುಕೊಂಡು, ಓಡುವಾಗ ಎಂಜಿನ್ನಿಗೆ ಬಿಟ್ಟುಕೊಡುತ್ತದೆ. ಅದಕ್ಕೆ ಚಿಪ್ಪಿನ ಇಂಗಾಲ ಒಗ್ಗುವುದಿಲ್ಲ. ಚಿಪ್ಪು ದಟ್ಟವಾದ್ದರಿಂದ ಅದರ ಬಿಲಗಳು ತೀರಾ ಕಿರಿದು, ಹಿಡಿದದ್ದನ್ನು ಸುಲಭಕ್ಕೆ ಬಿಡುವುದಿಲ್ಲ. ಅಲ್ಲಿ ಹೆಚ್ಚಾಗಿ ಬಳಸುವುದು ಮರದಿಂದ ಮಾಡಿದ, ಅಗಲ ಬಿಲಗಳ ಇಂಗಾಲ. ಚಿಪ್ಪಿನದು ಸಲ್ಲುವುದು ಒಮ್ಮೆ ಹಿಡಿದರೆ ಬಿಡಬಾರದ ಕಡೆ. ಎ.ಸಿ. ಗಾಳಿ ಸೋಸುವ ಫಿಲ್ಟರು ಅಂಥದ್ದು; ಮುಂದಿನ ಸಲ ಬದಲಾಯಿಸುವಾಗ ಇಂಗಾಲದ ಪದರ ಇರುವುದನ್ನೇ ಕೇಳಿ ಹಾಕಿಸಿಕೊಳ್ಳಬಹುದು.