ಹೆದ್ದಾರಿಗೆ ಹಿತ, ಊರೊಳಗೆ ಕುಲುಕು

ಸ್ಪೋರ್ಟ್ಸ್ ಕಾರುಗಳಿಗೆ ಹೆಸರಾದ ಪೋರ್ಷೆ ಕಂಪನಿ 2002ರಲ್ಲಿ ಕಯೆನ್ ಎಂಬ ಎಸ್‌ಯುವಿಯನ್ನು ಹೊರತಂದಾಗ ಹುಬ್ಬೇರಿಸಿದವರೇ ಹೆಚ್ಚು. ಇಂದು ಲ್ಯಾಂಬೋರ್ಗಿನಿ, ಫೆರಾರಿಗಳೂ ಅದೇ ದಾರಿ ಹಿಡಿದಿವೆ. ಎರಡು ಟನ್ನಿಗೂ ಮೀರಿದ ತೂಕದ, ಆಳೆತ್ತರದ ಕಾರು ನಾಲ್ಕು ಸೆಕೆಂಡಿನ ಆಸುಪಾಸಿನಲ್ಲಿ ಗಂಟೆಗೆ ನೂರು ಕಿಲೋಮೀಟರ್ ವೇಗ ಮುಟ್ಟುವುದು ಈಗ ಯಾರಿಗೂ ಸೋಜಿಗವಲ್ಲ. 2021ರಲ್ಲಿ ಕಯೆನ್ ಟರ್ಬೊ ಜಿಟಿ ಜರ್ಮನಿಯ ನೂರ್ಬರ್ಗ್‌ರಿಂಗ್‌ನ 20.8 ಕಿ.ಮೀ. ಸುತ್ತನ್ನು 7 ನಿಮಿಷ 38.9 ಸೆಕೆಂಡಿನಲ್ಲಿ ಮುಗಿಸಿತು. ಆದರೆ ಇಂಥ ಕಾರನ್ನು ಮನೆಗೆ ತರುವವರಿಗೆ ಬೇಕಾದ ಉತ್ತರ ರೇಸ್ ಟ್ರ್ಯಾಕಿನಲ್ಲಿ ಸಿಗುವುದಿಲ್ಲ. ದಿನಾ ಆಫೀಸಿಗೆ ಹೋಗಿಬಂದರೆ ಸೊಂಟ ಉಳಿದೀತೇ, ಐನೂರು ಕಿ.ಮೀ. ದೂರದ ಊರಿಗೆ ಹೋಗಿ ಇಳಿದಾಗ ಹಿಂದೆ ಕೂತ ಅಮ್ಮನಿಗೆ ಸುಸ್ತಾಗಿರುತ್ತದೆಯೇ ಎಂಬುದು ಅವರ ಪ್ರಶ್ನೆ. ವೇಗದ ಕಾರೆಂದರೆ ಗಟ್ಟಿ ಸ್ಪ್ರಿಂಗು, ಗಟ್ಟಿ ಸ್ಪ್ರಿಂಗೆಂದರೆ ಕುಲುಕಾಟ ಎಂಬ ಸಿದ್ಧ ಉತ್ತರವೊಂದು ಚಾಲ್ತಿಯಲ್ಲಿದೆ. ಅದು ಅರೆಸತ್ಯ. ಇಂಥ ಕಾರು ದೂರ ಪ್ರಯಾಣಕ್ಕೆ ಮಾಮೂಲಿ ಕಾರಿಗಿಂತ ಚೆನ್ನಾಗಿಯೇ ಒದಗುತ್ತದೆ. ಅದು ಸೋಲುವುದು ಊರೊಳಗಿನ ನಿಧಾನ ಓಡಾಟದಲ್ಲಿ. ಆ ಸೋಲಿಗೆ ಸ್ಪ್ರಿಂಗಿಗಿಂತ ಹೆಚ್ಚಾಗಿ ಕಾರಿನ ಎತ್ತರ ಮತ್ತು ಚಕ್ರದ ಗಾತ್ರ ಹೊಣೆ.

ಹಿತ ಅವರವರ ಮನಸ್ಸಿಗೆ ಬಿಟ್ಟದ್ದು, ಅದನ್ನು ಅಳೆಯುವುದು ಹೇಗೆ ಎಂದು ಕೇಳಬಹುದು. ಅಳೆಯಲು ಬರುತ್ತದೆ. ಕೂತ ಮನುಷ್ಯನ ಮೈ ಎಲ್ಲ ಅದುರಾಟಕ್ಕೂ ಒಂದೇ ಥರ ಸ್ಪಂದಿಸುವುದಿಲ್ಲ. ಸೆಕೆಂಡಿಗೆ ಎಷ್ಟು ಸಲ ಅದುರುತ್ತಿದೆ ಎಂಬುದರ ಮೇಲೆ, ಎಂದರೆ ಅದರ ಹರ್ಟ್ಸ್ ಎಷ್ಟೆಂಬುದರ ಮೇಲೆ, ಸಂಕಟದ ಪ್ರಮಾಣ ನಿಂತಿದೆ. ಐಎಸ್‌ಒ 2631 ಎಂಬ ಅಂತರರಾಷ್ಟ್ರೀಯ ಮಾನದಂಡ ಇದನ್ನೇ ಲೆಕ್ಕಕ್ಕೆ ಇಳಿಸಿದೆ. ಮೇಲೆ-ಕೆಳಗಿನ ಅಲುಗಾಟದಲ್ಲಿ ಮೈಗೆ ಅತಿ ಹೆಚ್ಚು ನಾಟುವುದು ಸುಮಾರು 4ರಿಂದ 8 ಹರ್ಟ್ಸ್‌ನ ವಲಯ. ಹೊಟ್ಟೆಯೊಳಗಿನ ಅಂಗಗಳು ಮತ್ತು ಮುಂಡದ ಭಾಗ ತಾವೇ ಹೆಚ್ಚು ಓಲಾಡುವ ಲಯ ಅಲ್ಲಿದೆ. ಎಡ-ಬಲದ ಅಲುಗಾಟದಲ್ಲಾದರೆ ಅರ್ಧದಿಂದ 2 ಹರ್ಟ್ಸ್‌ವರೆಗಿನದು ಅತಿ ಕೆಟ್ಟದ್ದು. ಇನ್ನೂ ಕೆಳಗೆ, 0.1ರಿಂದ 0.5 ಹರ್ಟ್ಸ್‌ನ ನಿಧಾನ ತೂಗಾಟ ಮೈಯನ್ನು ನೋಯಿಸುವುದಿಲ್ಲ, ಆದರೆ ಹೊಟ್ಟೆ ತೊಳಸುವಂತೆ ಮಾಡುತ್ತದೆ. ಹಡಗಿನಲ್ಲೂ ಘಾಟಿ ಬಸ್ಸಿನಲ್ಲೂ ವಾಂತಿ ಬರಿಸುವುದು ಇದೇ.

ಈ ಅಂಕಿಗಳನ್ನು ರಸ್ತೆಯ ಮೇಲಿಟ್ಟು ನೋಡಿದರೆ ಚಿತ್ರ ಬಿಚ್ಚಿಕೊಳ್ಳುತ್ತದೆ. ಕಾರಿಗೆ ತಟ್ಟುವ ಅದುರಾಟದ ಹರ್ಟ್ಸ್ ತಿಳಿಯಬೇಕಾದರೆ ವೇಗವನ್ನು ರಸ್ತೆಯ ಏರಿಳಿತದ ಉದ್ದದಿಂದ ಭಾಗಿಸಿದರಾಯಿತು. ಗಂಟೆಗೆ 30 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ 8.3 ಮೀಟರ್ ಸಾಗುತ್ತದೆ. ಹಾಗಾಗಿ ಊರೊಳಗೆ ಆ 4-8 ಹರ್ಟ್ಸ್‌ನ ಪೆಟ್ಟು ಕೊಡುವುದು ಒಂದರಿಂದ ಎರಡು ಮೀಟರ್ ಉದ್ದದ ಏರುಪೇರು: ಡಾಂಬರು ಕಿತ್ತ ಗುಂಡಿ, ಪೈಪಿಗಾಗಿ ಅಗೆದು ಮುಚ್ಚಿದ ಪಟ್ಟಿ, ರಸ್ತೆಮಟ್ಟಕ್ಕಿಂತ ತಗ್ಗಿ ಕೂತ ಮ್ಯಾನ್‌ಹೋಲಿನ ಸುತ್ತಲ ಹಳ್ಳ. ನೂರರ ವೇಗದಲ್ಲಿ ಅದೇ ಸಂಕಟವನ್ನು ಮೂರೂವರೆಯಿಂದ ಏಳು ಮೀಟರ್ ಉದ್ದದ ಏರಿಳಿತ ಕೊಡುತ್ತದೆ, ಮತ್ತು ಒಳ್ಳೆಯ ಹೆದ್ದಾರಿಯಲ್ಲಿ ಅಂಥದ್ದು ಕಡಿಮೆ. ಒಂದು ಅಪವಾದವಿದೆ: ನಮ್ಮ ಕಾಂಕ್ರೀಟ್ ಹೆದ್ದಾರಿಗಳ ಚಪ್ಪಡಿ ಸಾಮಾನ್ಯವಾಗಿ ನಾಲ್ಕೂವರೆ ಮೀಟರಿಗೊಂದು. ನೂರರ ವೇಗದಲ್ಲಿ ಅದರ ಸಂದುಗಳು ಸೆಕೆಂಡಿಗೆ ಆರು ಸಲ ತಟ್ಟುತ್ತವೆ. ಎಷ್ಟೇ ನಯವಾಗಿ ಕಂಡರೂ ಕಾಂಕ್ರೀಟ್ ರಸ್ತೆಯಲ್ಲಿ ಗಂಟೆಗಟ್ಟಲೆ ಓಡಿದಾಗ ಕಾರಣ ಗೊತ್ತಾಗದಂತೆ ದಣಿವಾಗುವುದರಲ್ಲಿ ಇದರ ಪಾಲೂ ಇದೆ. ಇದನ್ನು ಬಿಟ್ಟರೆ ಹೆದ್ದಾರಿಯ ನಿಜವಾದ ಸವಾಲು ಇಪ್ಪತ್ತು ಮೀಟರ್ ಉದ್ದದ ಅಲೆಗಳು. ನೂರರ ವೇಗದಲ್ಲಿ ಅವು ಸುಮಾರು 1.4 ಹರ್ಟ್ಸ್‌ನಲ್ಲಿ ಬರುತ್ತವೆ. ಕಾರಿನ ಮೈ ತನ್ನ ಸ್ಪ್ರಿಂಗಿನ ಮೇಲೆ ತಾನಾಗಿ ತೂಗುವ ಲಯವೂ ಹೆಚ್ಚುಕಡಿಮೆ ಅದೇ.

ಈ ಸಹಜ ಲಯವನ್ನು ಸಾಮಾನ್ಯ ಕಾರುಗಳಲ್ಲಿ 1ರಿಂದ 1.5 ಹರ್ಟ್ಸ್ ನಡುವೆ ಇಡುತ್ತಾರೆ. ಇಂಗ್ಲೆಂಡಿನ ರೋಲ್ಸ್-ರಾಯ್ಸ್‌ನಿಂದ 1930ರಲ್ಲಿ ಅಮೆರಿಕದ ಕ್ಯಾಡಿಲ್ಯಾಕ್ ಸೇರಿದ ಮಾರಿಸ್ ಓಲಿ, ತೂಕದ ಗುಂಡುಗಳನ್ನು ಹಿಂದೆ-ಮುಂದೆ ಸರಿಸಬಹುದಾದ ಪ್ರಯೋಗದ ಕಾರೊಂದನ್ನು ಕಟ್ಟಿಸಿ, ಯಾವ ಜೋಡಣೆಯಲ್ಲಿ ಪಯಣ ಹಿತವಾಗಿರುತ್ತದೆ ಎಂದು ಒಂದೊಂದಾಗಿ ಪರೀಕ್ಷಿಸಿದರು. ಮುಂದಿನ ಸ್ಪ್ರಿಂಗು ಹಿಂದಿನದಕ್ಕಿಂತ ಮೆದುವಾಗಿರಬೇಕು ಎಂಬುದು ಅವರು ಕಂಡುಕೊಂಡ ಸೂತ್ರ. ಉಬ್ಬನ್ನು ಮೊದಲು ಹತ್ತುವುದು ಮುಂದಿನ ಚಕ್ರ; ಹಿಂದಿನದು ತಡವಾಗಿ ಹತ್ತಿದರೂ ಅದರ ಲಯ ಚುರುಕಾಗಿದ್ದರೆ ಒಂದೆರಡು ತೂಗಿನಲ್ಲಿ ಮುಂಭಾಗವನ್ನು ಹಿಡಿದು ಜೊತೆಯಾಗುತ್ತದೆ, ಕಾರು ಮೂತಿ ಎತ್ತಿ ಇಳಿಸುವುದನ್ನು ಬಿಟ್ಟು ಮಟ್ಟಸವಾಗಿ ಏರಿಳಿಯುತ್ತದೆ. ಕಯೆನ್‌ನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 2.895 ಮೀಟರ್ ಅಂತರ. ನೂರರ ವೇಗದಲ್ಲಿ ಹಿಂದಿನ ಚಕ್ರ ಕೇವಲ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ತಡವಾಗಿ ಬರುತ್ತದೆ. ಅಷ್ಟು ಸಣ್ಣ ಅಂತರವನ್ನು ಸರಿದೂಗಿಸುವುದು ಸುಲಭ. ಅದೇ ಕಾರು ಇಪ್ಪತ್ತರ ವೇಗದಲ್ಲಿ ಉಬ್ಬು ದಾಟುವಾಗ ಅಂತರ ಅರ್ಧ ಸೆಕೆಂಡು, ಓಲಿಯ ಸೂತ್ರಕ್ಕೆ ಅಲ್ಲಿ ಬಲವಿಲ್ಲ.

ಶಾಕ್ ಅಬ್ಸಾರ್ಬರಿನದು ಇನ್ನೊಂದು ಕಥೆ. ತೂಗುವ ತೊಟ್ಟಿಲಿಗೆ ಕೈ ಅಡ್ಡ ಹಿಡಿದಂತೆ ಅದು ಕಾರಿನ ಓಲಾಟವನ್ನು ನಿಲ್ಲಿಸುತ್ತದೆ. ಆದರೆ ಅದಕ್ಕೊಂದು ಮಿತಿ ಇರುವುದನ್ನು ಭೌತಶಾಸ್ತ್ರ ಖಚಿತವಾಗಿ ಹೇಳುತ್ತದೆ: ಸಹಜ ಲಯದ ಸುಮಾರು 1.4 ಪಟ್ಟಿಗಿಂತ ಮೇಲಿನ ಅದುರಾಟದಲ್ಲಿ ಶಾಕ್ ಅಬ್ಸಾರ್ಬರನ್ನು ಬಿಗಿ ಮಾಡಿದಷ್ಟೂ ಪೆಟ್ಟು ಮೈಗೆ ಹೆಚ್ಚು ದಾಟುತ್ತದೆ. ಕಾರಿನ ಲಯ 1.5 ಹರ್ಟ್ಸ್ ಎಂದಿಟ್ಟುಕೊಂಡರೆ ಆ ಗಡಿ 2.1 ಹರ್ಟ್ಸ್‌ನಲ್ಲೇ ಬಂತು. ಮೈ ಸಹಿಸದ 4-8ರ ವಲಯ ಪೂರ್ತಿಯಾಗಿ ಅದರಾಚೆ ಇದೆ. ಸ್ಪೋರ್ಟ್ ಗುಂಡಿ ಒತ್ತಿದಾಗ ಕಾರು ಬಿಗಿಯಾಗಿ ಹಿಡಿತಕ್ಕೆ ಬಂದಂತೆ ಅನಿಸುವುದೂ, ಅದೇ ಹೊತ್ತಿಗೆ ಸಣ್ಣಪುಟ್ಟ ಗುಂಡಿಗಳೆಲ್ಲ ಬೆನ್ನಿಗೆ ತಟ್ಟತೊಡಗುವುದೂ ಒಂದೇ ನಿಯಮದ ಎರಡು ಫಲ. ಇದರಿಂದ ಪಾರಾಗುವ ದಾರಿಯನ್ನು 1974ರಲ್ಲಿ ಅಮೆರಿಕದ ಡೀನ್ ಕಾರ್ನಾಪ್ ಮತ್ತು ಸಹೋದ್ಯೋಗಿಗಳು ತೋರಿಸಿದರು. ಕಾರಿನ ಮೈಯನ್ನು ಆಕಾಶದ ಒಂದು ಕೊಕ್ಕೆಗೆ ಕಟ್ಟಿದ್ದರೆ ಶಾಕ್ ಅಬ್ಸಾರ್ಬರ್ ಹೇಗೆ ವರ್ತಿಸುತ್ತಿತ್ತೋ ಹಾಗೆಯೇ, ಕ್ಷಣಕ್ಷಣವೂ ಅದನ್ನು ಬಿಗಿ-ಸಡಿಲ ಮಾಡುತ್ತ ಹೋಗುವುದು ಅವರ ಉಪಾಯ. ಇಂದಿನ ದುಬಾರಿ ಎಸ್‌ಯುವಿಗಳ ಕಂಪ್ಯೂಟರು ಮಾಡುತ್ತಿರುವುದು ಇದರ ಮುಂದುವರಿದ ರೂಪ. ಜೊತೆಗೆ ಉಕ್ಕಿನ ಸ್ಪ್ರಿಂಗಿನ ಬದಲು ಗಾಳಿಚೀಲವಿದ್ದರೆ ಇನ್ನೊಂದು ಲಾಭ: ಐದು ಜನ ಕೂತು ಡಿಕ್ಕಿ ತುಂಬಿದಾಗ ಒಳಗಿನ ಒತ್ತಡ ಏರಿ ಸ್ಪ್ರಿಂಗು ಅಷ್ಟೇ ಪ್ರಮಾಣದಲ್ಲಿ ಗಟ್ಟಿಯಾಗುತ್ತದೆ, ಲಯ ಮಾತ್ರ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಮೂರನೇ ಪೀಳಿಗೆಯ ಕಯೆನ್‌ಗೆ ಕೊಟ್ಟ ಗಾಳಿಚೀಲದಲ್ಲಿ ಮೂರು ಕೋಣೆಗಳಿದ್ದವು. ಬೇಕಾದಷ್ಟನ್ನು ಮುಚ್ಚಿ ಗಟ್ಟಿತನ ಬದಲಿಸಬಹುದು. ಈ ಎಲ್ಲ ಸಲಕರಣೆಗಳ ಬಲ ಇರುವುದು ಒಂದೆರಡು ಹರ್ಟ್ಸ್‌ನ ವಲಯದಲ್ಲಿ, ಹೆದ್ದಾರಿಯ ಅಲೆಗಳು ಬರುವುದೂ ಅಲ್ಲೇ. ಅದಕ್ಕೇ ಈ ಕಾರುಗಳು ದೂರದ ದಾರಿಯಲ್ಲಿ ಅಷ್ಟು ನಿರಾಳವಾಗಿ ಓಡುತ್ತವೆ.

ಹಾಗಾದರೆ ಇನ್ನಷ್ಟು ಮೆದು ಮಾಡಿದರೆ ಇನ್ನಷ್ಟು ಹಿತವಲ್ಲವೇ ಎಂದು ಕೇಳುವವರಿದ್ದಾರೆ. ಅಲ್ಲ. ಲಯವನ್ನು 1 ಹರ್ಟ್ಸ್‌ಗೆ ಇಳಿಸಬೇಕಾದರೆ ಕಾರಿನ ತೂಕಕ್ಕೇ ಸ್ಪ್ರಿಂಗು 25 ಸೆಂಟಿಮೀಟರ್ ಕುಗ್ಗಬೇಕು, 1.5 ಹರ್ಟ್ಸ್‌ಗಾದರೆ 11 ಸಾಕು. ಅಷ್ಟು ಮೆದುವಾದ ಎತ್ತರದ ಕಾರು ಬ್ರೇಕ್ ಹಾಕಿದಾಗ ಮುಗ್ಗರಿಸುತ್ತದೆ, ಚಾರ್ಮಾಡಿಯಂಥ ಘಾಟಿಯ ತಿರುವುಗಳಲ್ಲಿ ಹೊರಳಿ ಹೊರಳಿ ನಿಧಾನವಾಗಿ ತೂಗುತ್ತದೆ. ಹಿಂದೆ ಕೂತವರ ಹೊಟ್ಟೆ ತೊಳಸಲು ಇಷ್ಟು ಸಾಕು. ಸ್ಟಿಯರಿಂಗ್ ಹಿಡಿದವರಿಗೆ ಮುಂದಿನ ತಿರುವು ಮೊದಲೇ ಗೊತ್ತಿರುವುದರಿಂದ ಅವರಿಗೆ ಏನೂ ಆಗಿರುವುದಿಲ್ಲ. ವೇಗಕ್ಕಾಗಿ ಕಟ್ಟಿದ ಕಾರಿನ ಬಿಗಿತ ಇಲ್ಲಿ ಹಿತದ ಪರವಾಗಿಯೇ ಕೆಲಸ ಮಾಡುತ್ತದೆ.

ಆದರೆ ಆ ಬಿಗಿತವನ್ನು ಎಲ್ಲಿಂದ ತರುತ್ತಾರೆ ಎಂಬುದು ಮುಖ್ಯ. ಗುರುತ್ವ ಕೇಂದ್ರ ಎತ್ತರದಲ್ಲಿರುವ ಕಾರು ತಿರುವಿನಲ್ಲಿ ಹೆಚ್ಚು ವಾಲುತ್ತದೆ. ಅದನ್ನು ತಡೆಯಲು ಎಡ-ಬಲದ ಚಕ್ರಗಳನ್ನು ದಪ್ಪನೆಯ ಆಂಟಿ-ರೋಲ್ ಬಾರ್ ಎಂಬ ಉಕ್ಕಿನ ಸರಳಿನಿಂದ ಜೋಡಿಸುತ್ತಾರೆ. ತಿರುವಿನಲ್ಲಿ ಅದು ಉಪಕಾರಿ. ನೇರ ರಸ್ತೆಯಲ್ಲಿ ಎಡಚಕ್ರ ಒಂದು ಗುಂಡಿಗೆ ಇಳಿದಾಗ ಏನಾಗುತ್ತದೆ ನೋಡಿ. ಚಕ್ರ ಒಂಟಿಯಾಗಿ ಇಳಿಯಲಾರದು. ಸರಳು ತಿರುಚಿಕೊಂಡು ಬಲಗಡೆಯನ್ನೂ ಎಳೆಯುತ್ತದೆ, ಕಾರಿನ ಮೈ ಎಡಕ್ಕೆ ವಾಲುತ್ತದೆ, ಚಕ್ರ ಗುಂಡಿಯಿಂದ ಮೇಲೇಳುತ್ತಲೇ ಬಲಕ್ಕೆ ಚಿಮ್ಮುತ್ತದೆ. ಕೂತವರ ತಲೆ ವಾಲುವ ಅಕ್ಷದಿಂದ ಒಂದು ಮೀಟರ್ ಮೇಲಿದ್ದರೆ, ಒಂದು ಡಿಗ್ರಿ ವಾಲಿದರೂ ಅದು ಒಂದೂಮುಕ್ಕಾಲು ಸೆಂಟಿಮೀಟರ್ ಪಕ್ಕಕ್ಕೆ ಹೋಗಿಬರುತ್ತದೆ. ಸೀಟು ಎತ್ತರದಲ್ಲಿದ್ದಷ್ಟೂ ಇದು ಹೆಚ್ಚು. ಮನುಷ್ಯನಿಗೆ ಅತಿ ಕೆಟ್ಟದೆನಿಸುವ ಅಡ್ಡ ಅಲುಗಾಟ 2 ಹರ್ಟ್ಸ್‌ಗಿಂತ ಕೆಳಗಿನದು ಎಂದು ಮೇಲೆ ಹೇಳಿದೆನಲ್ಲ, ಈ ತಲೆಯಾಟ ಬಹುಪಾಲು ಬೀಳುವುದು ಅದರೊಳಗೇ. ಇದಕ್ಕೆ ಪರಿಹಾರ ಈಗಾಗಲೇ ಬಂದಿದೆ. ಸರಳನ್ನು ನಡುವೆ ಕತ್ತರಿಸಿ 48 ವೋಲ್ಟಿನ ಮೋಟಾರು ಕೂರಿಸುವ ವ್ಯವಸ್ಥೆ ಬೆಂಟ್ಲಿ ಬೆಂಟೇಗಾದಲ್ಲಿ ಮೊದಲು ಬಂತು, ಬೆನ್ನಿಗೇ ಆಡಿ ಎಸ್‌ಕ್ಯೂ7, ಕಯೆನ್‌ಗಳಲ್ಲೂ. ನೇರ ದಾರಿಯಲ್ಲಿ ಮೋಟಾರು ಸರಳನ್ನು ಸಡಿಲಬಿಡುತ್ತದೆ, ತಿರುವಿನಲ್ಲಿ ಬಿಗಿಯುತ್ತದೆ. ನನ್ನ ಮಟ್ಟಿಗೆ, ಹಿತದ ದೃಷ್ಟಿಯಿಂದ ಇಂಥ ಕಾರಿಗೆ ಹೆಚ್ಚುವರಿ ಹಣ ಕೊಟ್ಟು ಹಾಕಿಸಬೇಕಾದ ಒಂದೇ ಸಲಕರಣೆ ಇದ್ದರೆ ಅದು ಇದು.

ಎತ್ತರದ ತೊಡಕನ್ನು ಹೀಗೆ ಮೋಟಾರಿನಿಂದ ಬಿಡಿಸಿಕೊಂಡರೂ ಚಕ್ರದ ತೊಡಕು ಹಾಗೆಯೇ ಉಳಿಯುತ್ತದೆ. ಸ್ಪ್ರಿಂಗು, ಶಾಕ್ ಅಬ್ಸಾರ್ಬರುಗಳಿಗೂ ಮೊದಲು ರಸ್ತೆಯನ್ನು ಮುಟ್ಟುವುದು ಟಯರು; ಅದರ ಪಕ್ಕಗೋಡೆಯೊಳಗಿನ ಗಾಳಿಯೇ ಮೊದಲ ಸ್ಪ್ರಿಂಗು. ಟಯರಿನ ಮೇಲೆ 255/55 ಆರ್19 ಎಂದಿದ್ದರೆ ಅಗಲ 255 ಮಿ.ಮೀ., ಪಕ್ಕಗೋಡೆ ಅದರ ಶೇಕಡಾ 55, ಎಂದರೆ 140 ಮಿ.ಮೀ. ಮೂರನೇ ಪೀಳಿಗೆಯ ಸಾಧಾರಣ ಕಯೆನ್ ಹೊರಬಂದಾಗ ಅದರ ಮುಂದಿನ ಟಯರು ಇದಾಗಿತ್ತು. ಟರ್ಬೊಗೆ 285/40 ಆರ್21. ಪಕ್ಕಗೋಡೆ 114 ಮಿ.ಮೀ. ಟರ್ಬೊ ಜಿಟಿಯಲ್ಲಿ 22 ಇಂಚಿನ ರಿಮ್ಮಿನ ಮೇಲೆ ಉಳಿಯುವುದು ನೂರೇ ಮಿ.ಮೀ. ಹೀಗೆ ಕುಗ್ಗಿದ ಪಕ್ಕಗೋಡೆ ಬೇಗ ಬಾಗುವುದಿಲ್ಲ, ಒಳಗೆ ಗಾಳಿಯೂ ಕಡಿಮೆ, ಅಷ್ಟೇ ಭಾರ ಹೊರಲು ಒತ್ತಡ ಹೆಚ್ಚು ಬೇಕು. ಅಗಲವಾದ ರಿಮ್ಮು ತಾನೂ ಭಾರ. ಚಕ್ರ, ಬ್ರೇಕು ಸೇರಿ ಅರವತ್ತು ಕಿಲೋ ಎಂದುಕೊಂಡರೆ, ಟಯರು ಮತ್ತು ಸ್ಪ್ರಿಂಗಿನ ನಡುವೆ ಅದು ತಾನೇ ಕುಪ್ಪಳಿಸುವ ಲಯ ಹನ್ನೆರಡು ಹರ್ಟ್ಸ್‌ನ ಹತ್ತಿರ ಬರುತ್ತದೆ. ಮೂವತ್ತು ಸೆಂಟಿಮೀಟರ್ ಅಗಲದ ರಬ್ಬರ್ ಹಂಪ್ ಒಂದನ್ನು ಇಪ್ಪತ್ತರ ವೇಗದಲ್ಲಿ ದಾಟಲು ಚಕ್ರಕ್ಕೆ ಹಿಡಿಯುವುದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗ; ಆ ಪೆಟ್ಟು ಬಹುಪಾಲು ಬೀಳುವುದು ಈ ಕುಪ್ಪಳಿಕೆಯ ಅಕ್ಕಪಕ್ಕದಲ್ಲೇ.

ಭಾರದ ಕಾರಿನಲ್ಲಿ ಚಕ್ರದ ಕುಪ್ಪಳಿಕೆ ಮೈಗೆ ತಾಗುವುದು ಕಡಿಮೆ ಎಂಬ ವಾದದಲ್ಲಿ ಹುರುಳಿದೆ, ಆದರೆ ಅಲ್ಲಿ ಲೆಕ್ಕಕ್ಕೆ ಬರುವುದು ಅನುಪಾತ. ಸಣ್ಣ ಕಾರಿನ ಒಂದೊಂದು ಮೂಲೆಯಲ್ಲೂ ಮೈಯ ಭಾರ ಇನ್ನೂರೈವತ್ತು ಕಿಲೋ, ಚಕ್ರದ್ದು ಮೂವತ್ತು ಇದ್ದರೆ, ಇಲ್ಲಿ ಐನೂರಕ್ಕೆ ಅರವತ್ತು. ಎರಡೂ ಸಮಸಮ ದ್ವಿಗುಣವಾದಾಗ ಗಳಿಸಿದ್ದೇನೂ ಇಲ್ಲ. ಇನ್ನೊಂದು ವಾದ, ತಂತ್ರಜ್ಞಾನ ಇದನ್ನೂ ಬಗೆಹರಿಸುತ್ತದೆ ಎಂಬುದು. 2022ರಲ್ಲಿ ಬಂದ ಫೆರಾರಿ ಪುರೋಸಾಂಗ್ವೆ ಈ ವಾದಕ್ಕೆ ಅತ್ಯುತ್ತಮ ಸಾಕ್ಷಿ. ಅದರ ಒಂದೊಂದು ಶಾಕ್ ಅಬ್ಸಾರ್ಬರಿಗೂ 48 ವೋಲ್ಟಿನ ಮೋಟಾರಿದೆ, ಆಂಟಿ-ರೋಲ್ ಬಾರ್ ಇಲ್ಲವೇ ಇಲ್ಲ. ಮೈಯ ಓಲಾಟವನ್ನು ಅದು ಅಚ್ಚರಿಯಾಗುವಷ್ಟು ಚೆನ್ನಾಗಿ ಹಿಡಿದಿಡುತ್ತದೆ. ಆದರೂ ಹಿಂದೆ 23 ಇಂಚಿನ ಚಕ್ರ ಹಾಕಿದ್ದಾರೆ, ಟಯರಿಗೂ ರಸ್ತೆಗೂ ನಡುವೆ ಯಾವ ಮೋಟಾರೂ ಇಲ್ಲ. ದೊಡ್ಡ ಚಕ್ರ ಬರೀ ಶೋಕಿ ಎಂದು ತಳ್ಳಿಹಾಕುವುದೂ ನ್ಯಾಯವಲ್ಲ. ಎರಡು ಟನ್ನಿನ ಕಾರನ್ನು ಇನ್ನೂರರ ವೇಗದಿಂದ ಮತ್ತೆ ಮತ್ತೆ ನಿಲ್ಲಿಸಬೇಕಾದರೆ ದೊಡ್ಡ ಬ್ರೇಕ್ ಡಿಸ್ಕ್ ಬೇಕು. ಕಯೆನ್‌ಗೆ ಸಿಗುವ ಸೆರಾಮಿಕ್ ಡಿಸ್ಕಿನ ವ್ಯಾಸ 440 ಮಿ.ಮೀ.; 19 ಇಂಚಿನ ರಿಮ್ಮಿನೊಳಗೆ ಅದು, ಅದರ ಕ್ಯಾಲಿಪರು ಎರಡೂ ಕೂರುವುದಿಲ್ಲ. ಇನ್ನೂರರ ವೇಗಕ್ಕೆ ಜಾಗವೇ ಇಲ್ಲದ ನಾಡಿನಲ್ಲಿ ಆ ಬ್ರೇಕಿಗಾಗಿ ದಿನದಿನದ ಹಿತವನ್ನು ತೆರಬೇಕೇ ಎಂಬುದಷ್ಟೇ ಪ್ರಶ್ನೆ, ತೆರಬೇಕಿಲ್ಲ ಎಂದೇ ನನ್ನ ಉತ್ತರ. ಅದೇ ಮಾದರಿಗೆ ಕಂಪನಿಯೇ ಒಪ್ಪುವ ಅತಿ ಚಿಕ್ಕ ರಿಮ್ಮನ್ನು ಕೇಳಿ ಹಾಕಿಸಿಕೊಳ್ಳುವುದು ಮೇಲು.

ರಸ್ತೆಯ ಕಡೆಯಿಂದಲೂ ಒಂದು ಮಾತು ಸೇರಿಸಬೇಕು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಸೂಚನೆಯಂತೆ ಕಟ್ಟಿದ ಉಬ್ಬು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ಇಪ್ಪತ್ತೈದರ ವೇಗಕ್ಕೆ ಲೆಕ್ಕ ಹಾಕಿದ್ದು. ಅದನ್ನು ದಾಟಲು ಮುಂದಿನ ಚಕ್ರಕ್ಕೆ ಅರ್ಧ ಸೆಕೆಂಡು ಸಿಗುತ್ತದೆ, ಅಷ್ಟು ನಿಧಾನದ ಏರಿಳಿತವನ್ನು ಗಾಳಿಚೀಲ ಸುಲಭವಾಗಿ ನುಂಗುತ್ತದೆ. ಬೀದಿಬೀದಿಯಲ್ಲಿ ನಾವು ಕಾಣುವ ಮೊಣಕೈಯುದ್ದದ ಉಬ್ಬುಗಳಿಗೆ ಆ ಲೆಕ್ಕ ಹೊಂದುವುದಿಲ್ಲ. ಅಲ್ಲಿ ಕೆಲಸಕ್ಕೆ ಬರುವುದು ಟಯರಿನ ಗಾಳಿ ಮಾತ್ರ. ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿ ಅಂಟಿಸಿದ ಚೀಟಿಯಲ್ಲಿ ಸಾಮಾನ್ಯವಾಗಿ ಎರಡು ಒತ್ತಡಗಳು ನಮೂದಾಗಿರುತ್ತವೆ, ಒಂದು ಕಡಿಮೆ ಭಾರಕ್ಕೆ, ಇನ್ನೊಂದು ಪೂರ್ಣ ಭಾರಕ್ಕೆ. ಪೂರ್ಣ ಭಾರದ ಅಂಕಿಯನ್ನೇ ಸದಾಕಾಲ ತುಂಬಿಸಿ ಊರೊಳಗೆ ಒಬ್ಬರೇ ಓಡಾಡಿದರೆ ಟಯರು ವಿನಾಕಾರಣ ಗಟ್ಟಿಯಾಗಿರುತ್ತದೆ. ಚೀಟಿಯಲ್ಲಿರುವುದಕ್ಕಿಂತಲೂ ಕೆಳಗಿಳಿಸುವುದು ಮಾತ್ರ ಬೇಡ; ಅಷ್ಟು ಗಿಡ್ಡ ಪಕ್ಕಗೋಡೆ ಗುಂಡಿಯ ಅಂಚಿನಲ್ಲಿ ಪೂರ್ತಿ ಮಡಚಿ, ರಿಮ್ಮೇ ನೇರವಾಗಿ ಹೊಡೆತ ತಿನ್ನುತ್ತದೆ.