ಸರ್ಕಾರ ಬಿದ್ದರೂ ರಾಜ್ಯ ಬೀಳುವುದಿಲ್ಲ: ರಾಜ್ಯಶಾಸ್ತ್ರದ ಐದು ತಪ್ಪು ಕಲ್ಪನೆಗಳು

ರಾಜ್ಯಶಾಸ್ತ್ರದ ಎಂ.ಎ. ತರಗತಿಗೆ ಯಾರೂ ಬರಿಗೈಲಿ ಬರುವುದಿಲ್ಲ. ರಾಜ್ಯ, ಸರ್ಕಾರ, ಅಧಿಕಾರ, ಪ್ರಜಾಪ್ರಭುತ್ವ ಎಂಬ ಮಾತುಗಳನ್ನು ಚಿಕ್ಕಂದಿನಿಂದ ಕೇಳಿರುತ್ತಾರೆ, ಪಿಯುಸಿಯಿಂದ ಪದವಿಯವರೆಗೆ ಅವುಗಳ ವ್ಯಾಖ್ಯೆಗಳನ್ನು ಬಾಯಿಪಾಠ ಮಾಡಿರುತ್ತಾರೆ. ತೊಡಕು ಇರುವುದೇ ಅಲ್ಲಿ. ಗೊತ್ತಿದೆ ಎಂದುಕೊಂಡದ್ದನ್ನು ನಾವು ಮತ್ತೆ ಪರೀಕ್ಷಿಸಲು ಹೋಗುವುದಿಲ್ಲ. ದಿನದ ಮಾತಿನಲ್ಲಿ ಒಂದರೊಳಗೊಂದು ಬೆರೆತುಹೋದ ಸಂಗತಿಗಳನ್ನು ಬಿಡಿಸಿ ನೋಡಲು ಕಲಿಸುವುದೇ ಪರಿಕಲ್ಪನೆಗಳ ಕೆಲಸ. ಹಾಗೆ ಬಿಡಿಸಲೇಬೇಕಾದ ಐದು ಗಂಟುಗಳು ಇಲ್ಲಿವೆ.

ತಪ್ಪು ಕಲ್ಪನೆ 1: ಸರ್ಕಾರವೂ ರಾಜ್ಯವೂ ಒಂದೇ.

ಸತ್ಯ: ಇಲ್ಲಿ ರಾಜ್ಯ ಎಂದರೆ ಕರ್ನಾಟಕ, ಕೇರಳಗಳಂಥ ಘಟಕವಲ್ಲ, ಭಾರತ, ನೇಪಾಳ, ಜಪಾನಿನಂಥ ಸ್ವತಂತ್ರ ರಾಜಕೀಯ ವ್ಯವಸ್ಥೆ. 1933ರ ಮಾಂಟೆವಿಡಿಯೊ ಒಪ್ಪಂದ ಅದಕ್ಕೆ ನಾಲ್ಕು ಲಕ್ಷಣಗಳನ್ನು ಹೇಳಿತು: ಕಾಯಂ ಜನಸಮುದಾಯ, ನಿಗದಿತ ಭೂಪ್ರದೇಶ, ಸರ್ಕಾರ, ಬೇರೆ ರಾಜ್ಯಗಳೊಡನೆ ವ್ಯವಹರಿಸುವ ಸಾಮರ್ಥ್ಯ. ಸರ್ಕಾರ ಈ ನಾಲ್ಕರಲ್ಲಿ ಒಂದು ಮಾತ್ರ.

1999ರ ಏಪ್ರಿಲ್ 17ರಂದು ವಾಜಪೇಯಿ ಸರ್ಕಾರ ಲೋಕಸಭೆಯಲ್ಲಿ ಒಂದೇ ಒಂದು ಮತದಿಂದ ಸೋತಿತು. ಮರುತಿಂಗಳೇ ಕಾರ್ಗಿಲ್ ಸಮರ ಶುರುವಾಯಿತು. ಆಗ ದೆಹಲಿಯಲ್ಲಿದ್ದದ್ದು ಉಸ್ತುವಾರಿ ಸರ್ಕಾರ. ಚುನಾವಣೆ ನಡೆದದ್ದು ಸೆಪ್ಟೆಂಬರ್‌–ಅಕ್ಟೋಬರಿನಲ್ಲಿ. ಆದರೂ ಸೇನೆ ಗಡಿಯಲ್ಲಿ ಹೋರಾಡಿ ಗೆದ್ದಿತು, ನ್ಯಾಯಾಲಯಗಳು ಕಲಾಪ ನಡೆಸಿದವು, ತೆರಿಗೆ ಖಜಾನೆಗೆ ಬರುತ್ತಲೇ ಇತ್ತು. ಸದನದ ವಿಶ್ವಾಸ ಕಳೆದುಕೊಂಡದ್ದು ಸರ್ಕಾರ. ರಾಜ್ಯಕ್ಕೆ ಏನೂ ಆಗಿರಲಿಲ್ಲ.

ಈ ಭೇದ ಮರೆತರೆ ಸರ್ಕಾರವನ್ನು ಟೀಕಿಸಿದವರೆಲ್ಲ ದೇಶದ್ರೋಹಿಗಳಾಗಿ ಕಾಣತೊಡಗುತ್ತಾರೆ. ಹಿಂಸೆಗೆ ಪ್ರಚೋದನೆ ಇಲ್ಲದ ಟೀಕೆ ಎಷ್ಟೇ ಕಟುವಾಗಿದ್ದರೂ ರಾಜದ್ರೋಹವಾಗದು ಎಂದು ಸುಪ್ರೀಂ ಕೋರ್ಟ್ 1962ರ ಕೇದಾರನಾಥ ಸಿಂಗ್ ಪ್ರಕರಣದಲ್ಲಿ ಹೇಳಿದ್ದರ ಹಿಂದಿರುವುದು ಇದೇ ವಿವೇಕ. ಪಠ್ಯದ ಮೊದಲ ಪಾಠವೇ ನಾಗರಿಕನ ಮೊದಲ ರಕ್ಷಣೆಯೂ ಹೌದು.

ತಪ್ಪು ಕಲ್ಪನೆ 2: ಹೆಚ್ಚು ಮತ ಪಡೆದವರು ಗೆಲ್ಲುತ್ತಾರೆ, ಗೆದ್ದವರು ಏನು ಬೇಕಾದರೂ ಮಾಡಬಹುದು; ಅದೇ ಪ್ರಜಾಪ್ರಭುತ್ವ.

ಸತ್ಯ: ಈ ಮಾತಿನ ಎರಡು ಭಾಗಗಳೂ ತಪ್ಪು. 2018ರ ಕರ್ನಾಟಕ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ ಸುಮಾರು ಶೇ. 38, ಬಿಜೆಪಿಗೆ ಸುಮಾರು ಶೇ. 36 ಮತ ಬಿದ್ದವು. ಆದರೆ ಹೆಚ್ಚು ಸ್ಥಾನ ಬಂದದ್ದು 104 ಗೆದ್ದ ಬಿಜೆಪಿಗೆ. ನಮ್ಮಲ್ಲಿ ಲೆಕ್ಕ ನಡೆಯುವುದು ಕ್ಷೇತ್ರವಾರು. ಒಂದು ಕ್ಷೇತ್ರವನ್ನು ಐವತ್ತು ಸಾವಿರ ಮತಗಳ ಅಂತರದಲ್ಲಿ ಗೆದ್ದರೂ, ಐನೂರರ ಅಂತರದಲ್ಲಿ ಗೆದ್ದರೂ ಸಿಗುವುದು ಒಂದೇ ಸ್ಥಾನ. ಇದುವರೆಗಿನ ಯಾವ ಲೋಕಸಭಾ ಚುನಾವಣೆಯಲ್ಲೂ ಯಾವುದೇ ಒಂದು ಪಕ್ಷ ಅರ್ಧದಷ್ಟು ಮತ ಪಡೆದಿಲ್ಲ. ಹಾಗಾಗಿ ‘ಜನರ ತೀರ್ಪು’ ಎಂದು ನಾವು ಕರೆಯುವುದರಲ್ಲಿ ಜನರ ಆಯ್ಕೆಯ ಜೊತೆಗೆ ಚುನಾವಣಾ ನಿಯಮದ ಪಾಲೂ ಇದೆ.

ಇನ್ನು ಗೆದ್ದವರ ಅಧಿಕಾರದ ಮಾತು. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಹೂಡಿದ ಮೊಕದ್ದಮೆಯಲ್ಲಿ, 1973ರ ಏಪ್ರಿಲ್ 24ರಂದು ಸುಪ್ರೀಂ ಕೋರ್ಟಿನ 13 ನ್ಯಾಯಮೂರ್ತಿಗಳ ಪೀಠ 7–6ರ ತೀರ್ಪು ಕೊಟ್ಟಿತು. ಸಂವಿಧಾನವನ್ನು ತಿದ್ದುವ ಅಧಿಕಾರ ಸಂಸತ್ತಿಗಿದೆ, ಅದರ ಮೂಲ ಸ್ವರೂಪವನ್ನು ಕೆಡಿಸುವ ಅಧಿಕಾರವಿಲ್ಲ ಎಂಬುದು ಅದರ ಸಾರ. ಇಂದಿನ ಬಹುಮತ ನಾಳೆಯ ಅಲ್ಪಮತದ ಹಕ್ಕುಗಳನ್ನು ಅಳಿಸಿಹಾಕುವಂತಿದ್ದರೆ, ಮುಂದಿನ ಚುನಾವಣೆಗೆ ಅರ್ಥವೇ ಉಳಿಯದು.

ತಪ್ಪು ಕಲ್ಪನೆ 3: ಅಧಿಕಾರ ಇರುವುದು ಕುರ್ಚಿಯಲ್ಲಿ ಕೂತವರ ಕೈಯಲ್ಲಿ.

ಸತ್ಯ: ಯಾರು ಯಾರಿಂದ ಅವರಿಗೆ ಇಷ್ಟವಿಲ್ಲದ್ದನ್ನು ಮಾಡಿಸುತ್ತಾರೆ ಎಂದು ನೋಡಿ ಅಧಿಕಾರವನ್ನು ಅಳೆಯಬಹುದು ಎಂದು ರಾಜ್ಯಶಾಸ್ತ್ರಜ್ಞ ರಾಬರ್ಟ್ ಡಾಲ್ 1957ರಲ್ಲಿ ವಾದಿಸಿದರು. ಬಾಕ್ರಾಕ್ ಮತ್ತು ಬರಾಟ್ಜ್ 1962ರಲ್ಲಿ ಇನ್ನೊಂದು ಮುಖ ತೋರಿಸಿದರು: ಕೆಲವು ವಿಷಯಗಳು ಚರ್ಚೆಗೇ ಬಾರದಂತೆ ತಡೆಯುವುದೂ ಅಧಿಕಾರವೇ. 1974ರಲ್ಲಿ ಸ್ಟೀವನ್ ಲ್ಯೂಕ್ಸ್ ಮೂರನೆಯದನ್ನು ಸೇರಿಸಿದರು: ಜನರ ಆಸೆ, ನಂಬಿಕೆಗಳನ್ನೇ ರೂಪಿಸಿ ಅವರಲ್ಲಿ ದೂರು ಹುಟ್ಟದಂತೆ ಮಾಡುವ ಅಧಿಕಾರ.

ಇದನ್ನು ಒಂದು ಗ್ರಾಮ ಪಂಚಾಯಿತಿಯಲ್ಲಿಟ್ಟು ನೋಡಿ. ಚರಂಡಿ ಕಾಮಗಾರಿ ಯಾವ ಬೀದಿಗೆ ಎಂದು ಜಗಳವಾಗಿ ಒಬ್ಬರ ಮಾತು ನಡೆದರೆ ಅದು ಮೊದಲ ಮುಖ. ದಲಿತ ಕೇರಿಯ ಸ್ಮಶಾನದ ಜಾಗದ ವಿಷಯ ವರ್ಷಗಟ್ಟಲೆ ಕಾರ್ಯಸೂಚಿಗೇ ಬಾರದಿದ್ದರೆ ಅದು ಎರಡನೆಯದು. ‘ಸಭೆಯಲ್ಲಿ ಮಾತಾಡುವುದು ಗಂಡಸರ ಕೆಲಸ’ ಎಂದು ಚುನಾಯಿತ ಅಧ್ಯಕ್ಷೆಯೇ ನಂಬಿದ್ದರೆ ಅದು ಮೂರನೆಯದು. ನಡಾವಳಿ ಪುಸ್ತಕವನ್ನಷ್ಟೇ ಓದುವ ಸಂಶೋಧಕರಿಗೆ ಕಾಣುವುದು ಮೊದಲನೆಯದು ಮಾತ್ರ.

ತಪ್ಪು ಕಲ್ಪನೆ 4: ರಾಜ್ಯದ ಬಗ್ಗೆ ಚಿಂತಿಸಿದವರು ಗ್ರೀಕರು, ಕೌಟಿಲ್ಯ ಬರೆದದ್ದು ಬರೀ ಕುತಂತ್ರ.

ಸತ್ಯ: ವಿದ್ವಾಂಸರ ಕಣ್ಣಿಗೆ ಬೀಳದೆ ಉಳಿದಿದ್ದ ಕೌಟಿಲ್ಯನ ‘ಅರ್ಥಶಾಸ್ತ್ರ’ವನ್ನು ತಾಳೆಗರಿಯಲ್ಲಿ ಗುರುತಿಸಿದವರು ಮೈಸೂರಿನ ಓರಿಯಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು. ಅವರು 1909ರಲ್ಲಿ ಅದರ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು. ಅದರ ಹದಿನೈದು ಅಧಿಕರಣಗಳಲ್ಲಿ ಗೂಢಚಾರರಷ್ಟೇ ಅಲ್ಲ, ಬೇಸಾಯ, ಗಣಿ, ಅಳತೆ-ತೂಕ, ನ್ಯಾಯ, ಸಂಬಳ ಎಲ್ಲವೂ ಇವೆ. ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ ಎಂಬ ಸಪ್ತಾಂಗದಲ್ಲಿ ಅರಸ ಏಳರಲ್ಲಿ ಒಂದು ಅಂಗ. ಆಳುವವನೇ ರಾಜ್ಯವಲ್ಲ ಎಂಬ ತಿಳಿವು ಇಲ್ಲೂ ಇದೆ. ಹಾಗೆಂದು ಕುರುಡಾಗಿ ಕೊಂಡಾಡಬೇಕಿಲ್ಲ. ಅದೇ ಗ್ರಂಥ ವರ್ಣಕ್ಕೆ ತಕ್ಕಂತೆ ಶಿಕ್ಷೆಯಲ್ಲಿ ಭೇದ ಮಾಡುತ್ತದೆ. ಪ್ಲೇಟೋನನ್ನು ಓದುವಷ್ಟೇ ಗೌರವದಿಂದ, ಅಷ್ಟೇ ನಿಷ್ಠುರವಾಗಿ ಓದಬೇಕು.

ತಪ್ಪು ಕಲ್ಪನೆ 5: ರಾಜಕೀಯದಲ್ಲಿ ಇರುವುದು ಅಭಿಪ್ರಾಯಗಳಷ್ಟೇ, ಶಾಸ್ತ್ರ ಎಲ್ಲಿಂದ ಬಂತು?

ಸತ್ಯ: ಇಟಲಿ 1970ರಲ್ಲಿ ದೇಶದುದ್ದಕ್ಕೂ ಒಂದೇ ಮಾದರಿಯ ಪ್ರಾದೇಶಿಕ ಸರ್ಕಾರಗಳನ್ನು ಸ್ಥಾಪಿಸಿತು. ರಾಜ್ಯಶಾಸ್ತ್ರಜ್ಞ ರಾಬರ್ಟ್ ಪಟ್ನಮ್ ಮತ್ತು ಸಂಗಡಿಗರು ಎರಡು ದಶಕ ಅವುಗಳನ್ನು ಗಮನಿಸಿದರು. ನಿಯಮ ಒಂದೇ ಆದರೂ ಉತ್ತರದವು ಚೆನ್ನಾಗಿ ನಡೆದವು, ದಕ್ಷಿಣದವು ಸೊರಗಿದವು. ಜನರಲ್ಲಿ ಒಟ್ಟಾಗಿ ಕೆಲಸ ಮಾಡುವ ರೂಢಿ, ಪರಸ್ಪರ ನಂಬಿಕೆ ಎಷ್ಟಿದೆ ಎಂಬುದೇ ಕಾರಣ ಎಂದು 1993ರ ಪುಸ್ತಕದಲ್ಲಿ ಅವರು ವಾದಿಸಿದರು. ಅವರ ಇತಿಹಾಸದ ಓದು ಸರಿಯಿಲ್ಲ ಎಂದು ಇತರರು ಆಕ್ಷೇಪಿಸಿದರು. ಪುರಾವೆ ಮುಂದಿಟ್ಟು ವಾದಿಸುವುದು, ಪುರಾವೆಯಿಂದಲೇ ಖಂಡಿಸುವುದು: ಶಾಸ್ತ್ರ ಎಂದರೆ ಇದೇ.

ಹೊಸದಾಗಿ ತರಗತಿಗೆ ಬರುವವರು ವ್ಯಾಖ್ಯೆಗಳ ಜೊತೆಗೆ ಕೆಲವು ಪ್ರಶ್ನೆಗಳನ್ನೂ ರೂಢಿಸಿಕೊಳ್ಳಲಿ. ಪತ್ರಿಕೆಯ ಯಾವುದೇ ರಾಜಕೀಯ ಸುದ್ದಿ ಓದುವಾಗ ಕೇಳಿ: ಇದು ಸರ್ಕಾರದ ಮಾತೋ, ರಾಜ್ಯದ ಮಾತೋ? ಈ ಬಹುಮತ ಯಾವ ನಿಯಮದಿಂದ ಬಂತು, ಅದರ ಮಿತಿ ಯಾವುದು? ಚರ್ಚೆಗೆ ಬಾರದೆ ಉಳಿದದ್ದು ಏನು, ಅದರಿಂದ ಯಾರಿಗೆ ಲಾಭ? ಇವನ್ನು ಕೇಳಬಲ್ಲವರನ್ನು ಘೋಷಣೆಗಳಿಂದ ಮರುಳು ಮಾಡುವುದು ಕಷ್ಟ. ಎರಡು ವರ್ಷದ ಓದಿನಿಂದ ಇಷ್ಟು ದಕ್ಕಿದರೂ ಪದವಿ ಸಾರ್ಥಕ.